ಟಿ ನಂಬರ್ ಅಂತ ಹೇಳಿದರೂ ಜೆನೆರಿಕ್ ಕ್ಲಾಸ್‌ನಲ್ಲಿ ಕೂಡಿಸಲು ಆಗುತ್ತಿಲ್ಲ, ಯಾಕೆ?

ವಿದ್ಯಾನಗರ_ಹುಬ್ಬಳ್ಳಿ:
ನಮಸ್ಕಾರ ರೀ. ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಲೆಕ್ಕ ಇಡುವ ಸಣ್ಣ ಜಾವಾ ಪ್ರಾಜೆಕ್ಟ್ ಮಾಡುತ್ತಿದ್ದೇನೆ, ಕಾಲೇಜಿನದು. ಚೀಲದ ಎಣಿಕೆಗೆ ಇಂಟಿಜರ್ (ಪೂರ್ಣಾಂಕ), ಧಾರಣೆಗೆ ಬಿಗ್‌ಡೆಸಿಮಲ್ (ನಿಖರ ದಶಮಾಂಶ), ಎರಡಕ್ಕೂ ಒಂದೇ 'ಪಟ್ಟಿ' ಅನ್ನೋ ಜೆನೆರಿಕ್ ಕ್ಲಾಸ್, ಅಂದರೆ ಟೈಪ್ ಯಾವುದು ಅನ್ನೋದನ್ನು 'ಟಿ' ಅಂತ ಬಿಟ್ಟು, ಬಳಸುವಾಗ ತುಂಬುವ ಕ್ಲಾಸ್. ಯಾರೂ ಅದರೊಳಗೆ ಸ್ಟ್ರಿಂಗ್ (ಅಕ್ಷರಗಳ ಪಠ್ಯ) ತುರುಕಬಾರದು ಅಂತ 'ಟಿ ಎಕ್ಸ್‌ಟೆಂಡ್ಸ್ ನಂಬರ್' ಎಂದು ಬರೆದೆ. ಸ್ಟ್ರಿಂಗ್ ಬರೋದೇನೋ ನಿಂತಿತು. ಆದರೆ ಎರಡು ಟಿ ನಡುವೆ ಪ್ಲಸ್ ಹಾಕಿದರೆ ಎರರ್, ಡಬ್ಬಿ, ಕಡ್ಡಿ ಅನ್ನೋ ಎರಡು ಬಗೆಯ ಮೆಣಸಿನಕಾಯಿಯಲ್ಲಿ ಯಾವುದರ ಧಾರಣೆ ಜಾಸ್ತಿ ಅಂತ ನೋಡಲು ಕಂಪೇರ್‌ಟು ಕರೆದರೂ ಎರರ್. ನಂಬರ್ ಅಂದ ಮೇಲೂ ಹೀಗಾ?

ಸಾಧನಕೇರಿ_ಡೆವ್:
ಹೌದು, ಹಾಗೇ. ಬೌಂಡ್ (ಟಿ ಏನಾಗಬಹುದು ಅನ್ನೋ ಮಿತಿ) ಆಗಿ ಹಾಕಿದ ಟೈಪ್‌ನಲ್ಲಿ ಯಾವ ಮೆಥಡ್ ಇವೆಯೋ ಅಷ್ಟೇ ನಿಮ್ಮ ಕೈಗೆ ಸಿಗುವುದು. ನಂಬರ್ ಕ್ಲಾಸ್‌ನಲ್ಲಿ ಇಂಟ್‌ವ್ಯಾಲ್ಯೂ, ಡಬಲ್‌ವ್ಯಾಲ್ಯೂ ಥರದವು ಇವೆ, ಕೂಡಿಸುವ ಮೆಥಡ್ ಇಲ್ಲ. ಕಂಪೇರಬಲ್ (ಕಂಪೇರ್‌ಟು ಕೊಡುವ ಇಂಟರ್‌ಫೇಸ್) ಕೂಡ ಅದಲ್ಲ. ಇಂಟಿಜರ್, ಬಿಗ್‌ಡೆಸಿಮಲ್ ಕಂಪೇರಬಲ್ ನಿಜ, ಆದರೆ ಅಟಾಮಿಕ್‌ಇಂಟಿಜರ್ ನಂಬರ್ ಆಗಿದ್ದೂ ಕಂಪೇರಬಲ್ ಅಲ್ಲ, ಅದನ್ನು ಯಾರಾದರೂ ಕೊಟ್ಟರೆ ಕಂಪೈಲರ್ ಏನು ಮಾಡಬೇಕು ಹೇಳಿ? ಹೋಲಿಕೆ ಬೇಕಿದ್ದರೆ 'ಟಿ ಎಕ್ಸ್‌ಟೆಂಡ್ಸ್ ನಂಬರ್ & ಕಂಪೇರಬಲ್<ಟಿ>' ಅಂತ ಬರೆಯಿರಿ. ಕ್ಲಾಸ್ (ನಂಬರ್) ಮೊದಲು, ಇಂಟರ್‌ಫೇಸ್ (ಕಂಪೇರಬಲ್) ಆಮೇಲೆ. ಇಂಟರ್‌ಫೇಸ್ ಆದರೂ ಇಲ್ಲಿ ಎಕ್ಸ್‌ಟೆಂಡ್ಸ್ ಎಂದೇ ಬರೆಯಬೇಕು, ಇಂಪ್ಲಿಮೆಂಟ್ಸ್ ನಡೆಯೋದಿಲ್ಲ.

ಗದಗ_ಬ್ಯಾಕೆಂಡ್:
ಕೂಡಿಸಲು ಡಬಲ್‌ವ್ಯಾಲ್ಯೂ ಬಳಸಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ, ಕೇಳಬೇಡಿ. ರೊಕ್ಕದ ಲೆಕ್ಕ ಅದು, ಡಬಲ್‌ನಲ್ಲಿ 0.1 ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಬರೋದಿಲ್ಲ. ಕ್ಲಾಸ್‌ನ ಆಬ್ಜೆಕ್ಟ್ ಹುಟ್ಟಿಸುವ ಕನ್‌ಸ್ಟ್ರಕ್ಟರ್‌ನಲ್ಲೇ, ಎರಡು ಟಿ ತೆಗೆದುಕೊಂಡು ಒಂದು ಟಿ ಕೊಡುವ ಫಂಕ್ಷನ್, ಅಂದರೆ ಒಂದು ಬೈನರಿಆಪರೇಟರ್<ಟಿ> ತೆಗೆದುಕೊಳ್ಳಿ. ಚೀಲಕ್ಕೆ ಇಂಟಿಜರ್::ಸಮ್, ಧಾರಣೆಗೆ ಬಿಗ್‌ಡೆಸಿಮಲ್::ಆಡ್ ಕೊಟ್ಟರೆ ಮುಗಿಯಿತು. ಜಾವಾ 8 ರಿಂದ ಇದೆ.

ರಾಣೆಬೆನ್ನೂರು_ಶಾರ್ಪ್:
ಸಿ ಶಾರ್ಪ್ ಭಾಷೆಗೆ ಬನ್ನಿ ರೀ. 2022ರಲ್ಲಿ ಬಂದ ಅದರ ಪ್ಲಾಟ್‌ಫಾರ್ಮ್ ಡಾಟ್‌ನೆಟ್ 7 ರಿಂದ 'ವೇರ್ ಟಿ : ಐನಂಬರ್<ಟಿ>' ಅಂತ ಬರೆದರೆ ಪ್ಲಸ್ ಸೀದಾ ನಡೆಯುತ್ತದೆ, ದೊಡ್ಡದು ಚಿಕ್ಕದು ನೋಡೋದೂ ನಡೆಯುತ್ತದೆ.

ವಿದ್ಯಾನಗರ_ಹುಬ್ಬಳ್ಳಿ:
ಸಿಲಬಸ್‌ನಲ್ಲಿ ಜಾವಾ ಇದೆಯಲ್ಲಾ ಸರ್ 😅 ಬೈನರಿಆಪರೇಟರ್ ಹಾಕಿದೆ, ನಡೆಯಿತು. ಇನ್ನೊಂದು, ಖಾಲಿ ಪಟ್ಟಿ ಇದ್ದಾಗ ಮೊತ್ತ ಸೊನ್ನೆ ಬರಲಿ ಅಂತ 'ನ್ಯೂ ಟಿ' (ಹೊಸ ಟಿ ಹುಟ್ಟಿಸು) ಅಂದರೆ ಅದಕ್ಕೂ ಎರರ್.

ಸಾಧನಕೇರಿ_ಡೆವ್:
ಬರುತ್ತದೆ. ಕಂಪೈಲ್ ಆದ ಮೇಲೆ ಟಿ ಅಳಿಸಿಹೋಗುತ್ತದೆ, ಅದರ ಜಾಗದಲ್ಲಿ ಮೊದಲ ಬೌಂಡ್, ಅಂದರೆ ನಂಬರ್, ಕೂರುತ್ತದೆ. ಯಾವುದನ್ನು ಹುಟ್ಟಿಸಬೇಕು ಅಂತ ಅದಕ್ಕೆ ಗೊತ್ತಿರೋದಿಲ್ಲ. ಸೊನ್ನೆಯನ್ನೂ ಕನ್‌ಸ್ಟ್ರಕ್ಟರ್‌ನಲ್ಲೇ ಕೊಟ್ಟುಬಿಡಿ, ಚೀಲಕ್ಕೆ 0, ಧಾರಣೆಗೆ ಬಿಗ್‌ಡೆಸಿಮಲ್.ಝೀರೋ.