ಹಣದ ಚಿಂತೆಯೇ ಇಲ್ಲದಿದ್ದರೆ ಪ್ರವಾಸಕ್ಕೆ ಎಲ್ಲಿಗೆ ಹೋಗುತ್ತೀರಿ?

ಮಲೆನಾಡಿಗ:
ಟಿಕೆಟ್, ಹೋಟೆಲು, ವೀಸಾ ಯಾವುದರ ಖರ್ಚನ್ನೂ ಲೆಕ್ಕ ಹಾಕಬೇಕಿಲ್ಲ, ರಜೆಗೂ ತಕರಾರಿಲ್ಲ ಎಂದಿಟ್ಟುಕೊಂಡರೆ ನೀವೆಲ್ಲ ಯಾವ ಜಾಗವನ್ನು ಆರಿಸಿಕೊಳ್ಳುತ್ತೀರಿ? ನನ್ನ ಆಯ್ಕೆ ಅಂಟಾರ್ಕ್ಟಿಕಾ. ಎಪ್ಪತ್ತು ದಾಟಿದ ತಂದೆತಾಯಿಯರನ್ನೂ ಕರೆದೊಯ್ಯುವ ಆಸೆಯಿದೆ. ಇದು ಆಗುವ ಮಾತೇ?

ಕಡಲಹಾದಿ:
ಆಗುವ ಮಾತೇ, ಆದರೆ ಅಲ್ಲಿ ಹಣಕ್ಕಿಂತ ಹವಾಮಾನದ ಮಾತೇ ಹೆಚ್ಚು ನಡೆಯುತ್ತದೆ. ಪ್ರವಾಸಿ ಹಡಗುಗಳು ಸಾಮಾನ್ಯವಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರ ಸಂಚರಿಸುತ್ತವೆ. ಹೆಚ್ಚಿನವು ಅರ್ಜೆಂಟೀನಾದ ಉಶುವಾಯಾದಿಂದ ಹೊರಡುತ್ತವೆ; ದಕ್ಷಿಣ ಅಮೆರಿಕಕ್ಕೂ ಅಂಟಾರ್ಕ್ಟಿಕಾಗೂ ನಡುವಿನ ಡ್ರೇಕ್ ಜಲಮಾರ್ಗ ದಾಟಲು ಸುಮಾರು 2 ದಿನ ಹಿಡಿಯುತ್ತದೆ. ಆಗ ಕಡಲು ಮುನಿದರೆ ಗಟ್ಟಿಮುಟ್ಟಾದ ಆಳೂ ಊಟದ ತಟ್ಟೆಯ ಕಡೆ ತಿರುಗಿ ನೋಡುವುದಿಲ್ಲ. ಹಿರಿಯರಿಗಾಗಿ, ಚಿಲಿಯ ಪುಂಟಾ ಅರೆನಾಸ್‌ನಿಂದ ವಿಮಾನದಲ್ಲಿ ಸುಮಾರು 2 ಗಂಟೆಗಳಲ್ಲಿ ಅಂಟಾರ್ಕ್ಟಿಕಾದ ಕಿಂಗ್ ಜಾರ್ಜ್ ದ್ವೀಪ ತಲುಪಿ, ಅಲ್ಲಿಂದ ಹಡಗು ಹತ್ತುವ ಏರ್ಪಾಡೂ ಇದೆ. ಮಂಜು ಕವಿದರೆ ಅದಕ್ಕೂ ಕಾಯಬೇಕು. ದಡದ ಒಂದು ತಾಣದಲ್ಲಿ ಒಮ್ಮೆಗೆ 100ಕ್ಕಿಂತ ಹೆಚ್ಚು ಪ್ರವಾಸಿಗರು ಇರುವಂತಿಲ್ಲ. ಹೊರಗಿನ ಒಂದು ಹುಲ್ಲಿನ ಬೀಜವೂ ಆ ನೆಲಕ್ಕೆ ಬೀಳಬಾರದೆಂದು ಬೂಟುಗಳನ್ನು ಸೋಂಕುನಿವಾರಕದಿಂದ ಉಜ್ಜಿ ತೊಳೆಸುತ್ತಾರೆ, ಜೇಬಿನ ಅಂಚು, ವೆಲ್ಕ್ರೋ ಪಟ್ಟಿಗಳನ್ನೂ ಕೆದಕಿ ನೋಡುತ್ತಾರೆ. ಪೆಂಗ್ವಿನ್‌ಗಳಿಂದ 5 ಮೀಟರ್ ದೂರ ನಿಲ್ಲಬೇಕು (ಅವುಗಳ ಹಿಕ್ಕೆಯ ನಾತಕ್ಕೆ ಮಾತ್ರ ಈ ನಿಯಮ ಗೊತ್ತಿಲ್ಲ).

ಹಕ್ಕಿಪ್ರೇಮಿ:
ತಂದೆತಾಯಿಯರ ಜೊತೆಗಾದರೆ ನಾನು ಗಲಾಪಗೋಸ್ ದ್ವೀಪಗಳನ್ನೇ ಹೇಳುತ್ತೇನೆ. ಅವು ಈಕ್ವೆಡಾರ್ ಕರಾವಳಿಯಿಂದ ಸುಮಾರು 1,000 ಕಿ.ಮೀ. ಪಶ್ಚಿಮಕ್ಕೆ, ಸಮಭಾಜಕ ವೃತ್ತದ ಆಸುಪಾಸಿನಲ್ಲಿರುವುದರಿಂದ ಚಳಿಯ ಭಯವಿಲ್ಲ. 1835ರಲ್ಲಿ ಡಾರ್ವಿನ್ ಬಂದಿಳಿದದ್ದು ಇಲ್ಲಿಗೇ. ಕಡಲಿಗಿಳಿದು ಪಾಚಿ ಮೇಯುವ ಇಗ್ವಾನಾಗಳು (ದೊಡ್ಡ ಹಲ್ಲಿಗಳು) ಬಂಡೆಯ ಮೇಲೆ ಬಿಸಿಲು ಕಾಯುತ್ತ, ಸೀನಿದಂತೆ ಮೂಗಿನಿಂದ ಉಪ್ಪುನೀರು ಚಿಮ್ಮಿಸುತ್ತವೆ. ಆ ಉಪ್ಪು ಅವುಗಳ ನೆತ್ತಿಯ ಮೇಲೆ ಬಿಳಿಯಾಗಿ ಕಟ್ಟಿಕೊಂಡಿರುತ್ತದೆ. ಮನುಷ್ಯರನ್ನು ಕಂಡು ಅವು ಓಡುವುದೂ ಇಲ್ಲ. ರಾಷ್ಟ್ರೀಯ ಉದ್ಯಾನದ ಬಹುತೇಕ ತಾಣಗಳಿಗೆ ಪರವಾನಗಿ ಪಡೆದ ಮಾರ್ಗದರ್ಶಿಯಿಲ್ಲದೆ ಕಾಲಿಡುವಂತಿಲ್ಲ, ಅದು ಒಳ್ಳೆಯದೇ.

ಕಿಟಕಿಸೀಟು:
ಹಕ್ಕಿಪ್ರೇಮಿಯವರ ಮಾತಿಗೆ ಒಂದು ಸೇರ್ಪಡೆ. ಗಲಾಪಗೋಸ್‌ಗೆ ಈಕ್ವೆಡಾರ್‌ನ ಕೀಟೋ ಮತ್ತು ಗ್ವಾಯಾಕೀಲ್ ಎರಡೂ ನಗರಗಳಿಂದ ವಿಮಾನಗಳಿವೆ. ಕೀಟೋ ಸುಮಾರು 2,850 ಮೀಟರ್ ಎತ್ತರದಲ್ಲಿದ್ದು ವಯಸ್ಸಾದವರಿಗೆ ಏದುಸಿರು ಬರಬಹುದಾದ್ದರಿಂದ, ತಗ್ಗಿನಲ್ಲಿರುವ ಗ್ವಾಯಾಕೀಲ್ ಮೂಲಕ ಹೋಗುವುದು ಮೇಲು.

ಮಲೆನಾಡಿಗ:
ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಹಿರಿಯರೊಂದಿಗೆ ಗಲಾಪಗೋಸ್, ಅಂಟಾರ್ಕ್ಟಿಕಾಗೆ ನಾನೊಬ್ಬನೇ. ಅಮ್ಮ ಮೊಟ್ಟೆಯನ್ನೂ ಮುಟ್ಟುವವರಲ್ಲ. ದ್ವೀಪಗಳ ನಡುವೆ ಓಡಾಡುವ ಹಡಗುಗಳಲ್ಲಿ ಸಸ್ಯಾಹಾರದ ಅನುಕೂಲ ಹೇಗಿದೆ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.