ಮೆಥಡೋನ್ ಕ್ಲಿನಿಕ್: ಲಾಭದ ಕಂಪನಿಗೋ, ಲಾಭರಹಿತ ಸಂಸ್ಥೆಗೋ? ಅರ್ಜಿಯಲ್ಲಿ ಏನು ನೋಡಬೇಕು?

ಸಾಲುಮರ (ಪ್ರಶ್ನೆ):
ಅಮೆರಿಕದ ಕೌಂಟಿಗಳಿಗೆ (ನಮ್ಮ ಜಿಲ್ಲೆಗಳಂಥವು) ಓಪಿಯಾಯ್ಡ್, ಅಂದರೆ ಅಫೀಮು ಜಾತಿಯ ನೋವುನಿವಾರಕಗಳ ವಿಷಯದಲ್ಲಿ ಔಷಧ ಕಂಪನಿಗಳ ಮೇಲೆ ಹೂಡಿದ ಮೊಕದ್ದಮೆಗಳ ರಾಜಿ ಹಣ ಬರುತ್ತಿದೆ. ಔಷಧ ವಿತರಕರು ಕೊಡಬೇಕಾದದ್ದೇ 18 ವರ್ಷಗಳ ಕಂತು. ಈ ಹಣದಲ್ಲಿ ಮೆಥಡೋನ್ (ಓಪಿಯಾಯ್ಡ್ ಚಟದ ಚಿಕಿತ್ಸೆಗೆ ದಿನವೂ ಕೊಡುವ ಔಷಧ) ಕ್ಲಿನಿಕ್ ತೆರೆಯಲು ಎರಡು ಅರ್ಜಿ ಬಂದಿವೆ ಅಂದುಕೊಳ್ಳಿ. ಒಂದು ಹಲವು ರಾಜ್ಯಗಳಲ್ಲಿ ಶಾಖೆ ಇರುವ ಕಂಪನಿಯದು, ಬೇಗ ಬಾಗಿಲು ತೆರೆಯುತ್ತೇವೆ ಅನ್ನುತ್ತದೆ. ಇನ್ನೊಂದು ಊರಿನದೇ ಲಾಭರಹಿತ ಸಂಸ್ಥೆಯದು, ಸಮಯ ಕೇಳುತ್ತದೆ. "ಕಾಯಿಲೆಯಲ್ಲಿ ಲಾಭ ಮಾಡೋದು ಪಾಪ" ಅನ್ನುವ ಚರ್ಚೆ ಬೇಡ. ರೋಗಿಯ ಕೈಗೆ ಸಿಗುವುದರಲ್ಲಿ ವ್ಯತ್ಯಾಸ ಬೀಳುವುದು ಎಲ್ಲಿ? ಹಣ ಹಂಚುವ ಕೌಂಟಿಯ ಸಮಿತಿ ಯಾವ ಕಾಗದ ಕೇಳಬೇಕು?

ಡೋಸ್‌ಕಿಟಕಿ:
ಮೊದಲು ಡೋಸ್ ಪಟ್ಟಿ ಕೇಳಿ. ಹೆಸರು ಬೇಡ, ಸಂಖ್ಯೆ ಸಾಕು. ಸೇರಿ 90 ದಿನ ದಾಟಿದವರಲ್ಲಿ ದಿನಕ್ಕೆ 60 ಮಿಲಿಗ್ರಾಂಗಿಂತ ಕಡಿಮೆ ಪಡೆಯುವವರು ಎಷ್ಟು? ಬಹುತೇಕರಿಗೆ 60ರಿಂದ 120 ಬೇಕಾಗುತ್ತದೆ. ಫೆಂಟನಿಲ್ (ಬಹಳ ತೀವ್ರವಾದ ಓಪಿಯಾಯ್ಡ್) ಬಳಸುತ್ತಿದ್ದವರಿಗೆ ಅದಕ್ಕಿಂತ ಹೆಚ್ಚೂ ಬೇಕಾಗಬಹುದು. ಪಟ್ಟಿಯಲ್ಲಿ ಅರ್ಧ ಜನ ಸರಿಯಾಗಿ 80ಕ್ಕೇ ನಿಂತಿದ್ದರೆ ಅಲ್ಲಿ ಬರೆಯದ ಮಿತಿಯೊಂದಿದೆ ಅಂತ ಅರ್ಥ. ಅಂಥ ಮಿತಿ ಎರಡೂ ಬಗೆಯ ಕ್ಲಿನಿಕ್‌ಗಳಲ್ಲಿ ಇರುತ್ತದೆ, ಕಾರಣ ಮಾತ್ರ ಬೇರೆ. ಕಂಪನಿಯಲ್ಲಿ ವೈದ್ಯರು ವಾರಕ್ಕೆ ಕೆಲವೇ ಗಂಟೆ ಬಂದರೆ ಡೋಸ್ ಏರಿಸುವ ಆದೇಶ ಬರೆಯಲು ಯಾರೂ ಇರುವುದಿಲ್ಲ. ಕೆಲವು ಸಂಸ್ಥೆಗಳಲ್ಲಿ "ಕಡಿಮೆ ಡೋಸ್ ಅಂದರೆ ಹೆಚ್ಚು ಗುಣ" ಅನ್ನುವ ಹಳೆಯ ನಂಬಿಕೆ ಕೂತಿರುತ್ತದೆ.

2024ರ ಫೆಡರಲ್ ನಿಯಮ ಮೊದಲ ದಿನದ ಡೋಸನ್ನು 50 ಮಿಲಿಗ್ರಾಂವರೆಗೆ ಏರಿಸಿತು. ಮೊದಲು ಆರಂಭದ ಡೋಸ್ 30 ಮೀರುವಂತಿರಲಿಲ್ಲ. ಆದರೆ ಮೆಥಡೋನ್ ದೇಹದಲ್ಲಿ ದಿನದಿನಕ್ಕೆ ಕೂಡುತ್ತಾ ಹೋಗುತ್ತದೆ. ಸೋಮವಾರದ ಡೋಸ್‌ನ ಪೂರ್ತಿ ಪರಿಣಾಮ ಕಾಣುವುದು ಶುಕ್ರವಾರದ ಹೊತ್ತಿಗೆ. ಅವಸರದಲ್ಲಿ ಏರಿಸಿದರೆ ರೋಗಿ ನಿದ್ದೆಯಲ್ಲೇ ಉಸಿರು ನಿಲ್ಲಿಸುತ್ತಾನೆ, ತೀರಾ ನಿಧಾನ ಮಾಡಿದರೆ ಬೀದಿಗೆ ವಾಪಸ್. ಹಾಗಾಗಿ ಮೊದಲ ಎರಡು ವಾರ ವೈದ್ಯರು ಎಷ್ಟು ಸಲ ರೋಗಿಯನ್ನು ನೋಡುತ್ತಾರೆ ಅಂತ ಬರಹದಲ್ಲಿ ಕೇಳಿ.

ಶುಲ್ಕ ಬಾಕಿಯಾದರೆ ಏನು ಮಾಡುತ್ತಾರೆ ಅನ್ನುವುದನ್ನೂ ಬಿಡಬೇಡಿ. ನಗದು ಪಡೆಯುವ ಕೆಲವು ಕಡೆ ಕೆಲವೇ ವಾರಗಳಲ್ಲಿ ಡೋಸ್ ಇಳಿಸಿ ಹೊರಗೆ ಕಳಿಸುತ್ತಾರೆ. ಹೊರಬಿದ್ದವನ ದೇಹಕ್ಕೆ ಓಪಿಯಾಯ್ಡ್ ತಾಳುವ ಶಕ್ತಿ ತಗ್ಗಿರುತ್ತದೆ. ಅದೇ ಹಳೆಯ ಪ್ರಮಾಣದ ಫೆಂಟನಿಲ್ ಆಗ ಸಾವು.

ಲೆಕ್ಕಿಗ:
ಮೇಲಿನದಕ್ಕೆ ಹಣದ ಕೊಂಡಿ ಹಾಕುತ್ತೇನೆ. ಮೆಥಡೋನ್ ಅಗ್ಗದ ಔಷಧ. ಖರ್ಚೆಲ್ಲ ನರ್ಸ್, ಕೌನ್ಸೆಲರ್, ಲಾಕರ್, ಮೂತ್ರ ಪರೀಕ್ಷೆ. ನಿಮ್ಮ ರಾಜ್ಯದ ಮೆಡಿಕೈಡ್ (ಬಡವರ ಸರ್ಕಾರಿ ಆರೋಗ್ಯ ವಿಮೆ) ಭೇಟಿಗೆ ಇಷ್ಟು ಅಂತ ಕೊಡುತ್ತದೋ, ವಾರಕ್ಕೆ ಒಟ್ಟಾಗಿ ಕೊಡುತ್ತದೋ ಅನ್ನುವುದೇ ಇಲ್ಲಿ ಮುಖ್ಯ. ಮೆಡಿಕೇರ್ (ಮುಖ್ಯವಾಗಿ ಹಿರಿಯರ ಸರ್ಕಾರಿ ವಿಮೆ) 2020ರ ಜನವರಿಯಿಂದ ವಾರದ ಕಟ್ಟು ಲೆಕ್ಕದಲ್ಲಿ ಕೊಡುತ್ತಿದೆ.

300 ರೋಗಿಗಳು ಅಂದುಕೊಳ್ಳಿ. ವಾರಕ್ಕೆ ಆರು ದಿನ ಬಂದರೆ 1,800 ಭೇಟಿ. ಆರು ಡೋಸ್ ಮನೆಗೆ ಕೊಟ್ಟು ವಾರಕ್ಕೊಮ್ಮೆ ಕರೆದರೆ 300. ಭೇಟಿಗೆ ಹಣ ಸಿಗುವಲ್ಲಿ ಡೋಸ್ ಮನೆಗೆ ಕೊಟ್ಟಷ್ಟೂ ಆದಾಯ ಕರಗುತ್ತದೆ. 2024ರ ನಿಯಮ ಮೊದಲ 14 ದಿನಗಳಲ್ಲಿ 7 ಡೋಸ್‌ವರೆಗೆ, 15ನೇ ದಿನದಿಂದ 14, 31ನೇ ದಿನದಿಂದ 28 ಮನೆಗೆ ಕೊಡಬಹುದು ಅನ್ನುತ್ತದೆ. ಕೊಡಬಹುದು, ಅಷ್ಟೇ. ಕೊಡಲೇಬೇಕು ಅಂತಿಲ್ಲ, ರಾಜ್ಯಗಳು ಇನ್ನೂ ಬಿಗಿ ಮಾಡಬಹುದು. ಸಾಲ ಮಾಡಿ ಕ್ಲಿನಿಕ್ ಸರಪಳಿ ಕೊಂಡ ಹೂಡಿಕೆದಾರನಿಗೆ ಈ "ಬಹುದು" ಬಹಳ ಅನುಕೂಲ! ಒಂದು ವರ್ಷ ಪೂರೈಸಿದವರಲ್ಲಿ ಎಷ್ಟು ಜನ 14ಕ್ಕಿಂತ ಹೆಚ್ಚು ಮನೆಗೆ ಒಯ್ಯುತ್ತಾರೆ ಅಂತ ಎರಡೂ ಅರ್ಜಿದಾರರ ಈಗಿನ ಶಾಖೆಗಳಿಂದ ಅಂಕಿ ತರಿಸಿ.

ಮೂತ್ರ ಪರೀಕ್ಷೆ ವರ್ಷಕ್ಕೆ ಕನಿಷ್ಠ 8 ಸಾಕು. ಸ್ವಂತ ಲ್ಯಾಬ್ ಇಟ್ಟುಕೊಂಡು ವಾರವಾರ ಮಾಡಿಸುವವರಿದ್ದರೆ ಕಾರಣ ಕೇಳಿ.

ಸಂಸ್ಥೆಯನ್ನು ನೋಡಲು ಫಾರ್ಮ್ 990 ಇದೆ, ಲಾಭರಹಿತ ಸಂಸ್ಥೆಗಳು ವರ್ಷವರ್ಷ ತೆರಿಗೆ ಇಲಾಖೆಗೆ ಕೊಡುವ ಲೆಕ್ಕಪತ್ರ ಅದು, ಯಾರು ಬೇಕಾದರೂ ತೆಗೆದು ಓದಬಹುದು. ಭಾಗ 7ರಲ್ಲಿ ಮೇಲಿನವರ ಸಂಬಳ, ಭಾಗ 9ರಲ್ಲಿ ಖರ್ಚಿನ ಹಂಚಿಕೆ. ಎಲ್ ಅನುಸೂಚಿಯನ್ನು ತಪ್ಪದೆ ನೋಡಿ: ಆಡಳಿತ ಮಂಡಳಿಯವರದೇ ಕಟ್ಟಡವನ್ನು ಸಂಸ್ಥೆ ಬಾಡಿಗೆಗೆ ಹಿಡಿದಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಖಾಸಗಿ ಕಂಪನಿಗೆ ಇಂಥ ಬಹಿರಂಗ ಕಾಗದವೇ ಇಲ್ಲ. ಹಾಗಾಗಿ ಕರಾರಿನಲ್ಲೇ ವಾರ್ಷಿಕ ಖರ್ಚಿನ ವರದಿ, ಲೆಕ್ಕ ತಪಾಸಣೆಯ ಹಕ್ಕು, ಮಾಲೀಕತ್ವ ಬದಲಾದರೆ ಉಳಿದ ಹಣ ವಾಪಸ್, ಈ ಮೂರು ಷರತ್ತು ಹಾಕಿ.

ಸಾಲುಮರ:
ಹಾಗಾದರೆ ಒಲವು ಸಂಸ್ಥೆಯ ಕಡೆಗೇ ಅನ್ನೋಣವೇ?

ಲೆಕ್ಕಿಗ:
ನನ್ನ ಒಲವು ಆ ಕಡೆಗೇ, ಆದರೆ ಡೋಸ್ ಪಟ್ಟಿ ಚೆನ್ನಾಗಿದ್ದರೆ ಮಾತ್ರ.

ಬಯಲುಸೀಮೆ:
ಸಂಸ್ಥೆಗಳಿಗೂ ರೋಗವಿದೆ ಸ್ವಾಮಿ. ಸಂಪೂರ್ಣ ವರ್ಜನೆಯ ಪರಂಪರೆಯಿಂದ ಬಂದ ಕೆಲವು, ಮೆಥಡೋನ್ ಪಡೆಯುವವನನ್ನು "ಇನ್ನೂ ಚಟದಲ್ಲೇ ಇದ್ದಾನೆ" ಎಂದೇ ಎಣಿಸುತ್ತವೆ, ಔಷಧ ನಿಲ್ಲಿಸುವ ದಿನಾಂಕವನ್ನು ಮೊದಲೇ ಗೊತ್ತು ಮಾಡುತ್ತವೆ. ಕೌನ್ಸೆಲಿಂಗ್‌ಗೆ ಬರಲಿಲ್ಲ ಅಂತ ಔಷಧ ತಡೆಯುವಂತಿಲ್ಲ ಎಂದು 2024ರ ನಿಯಮವೇ ಹೇಳುತ್ತದೆ. ಅವರ ಲಿಖಿತ ನೀತಿಯಲ್ಲಿ ಅದು ಇದೆಯೇ ನೋಡಿ. ಇನ್ನೊಂದು ಕಾಯಿಲೆ ಅನುದಾನ: ಅದು ಮುಗಿದ ದಿನ ಹೊಸಬರ ಸರತಿ ನಿಲ್ಲುತ್ತದೆ. ಕಂಪನಿಗಳು ಹಬ್ಬಿದ್ದೇ ಆ ಖಾಲಿ ಜಾಗದಲ್ಲಿ. ಈಗ ಅಲ್ಲಿನ ಮೆಥಡೋನ್ ಕ್ಲಿನಿಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವರವೇ. ತಜ್ಞ ವೈದ್ಯರು ಚೀಟಿ ಬರೆದರೆ ಔಷಧದಂಗಡಿಯಲ್ಲೇ ಮೆಥಡೋನ್ ಸಿಗಲಿ ಅನ್ನುವ ಮಸೂದೆ ಸಂಸತ್ತಿಗೆ ಬಂದಾಗ ವಿರೋಧಿಸಿದ್ದು ಕ್ಲಿನಿಕ್‌ಗಳ ಒಕ್ಕೂಟ. ಅದರಲ್ಲಿ ಎರಡೂ ಬಗೆಯವರಿದ್ದಾರೆ.

ಸಮಯದ ಚಿಂತೆ ಇದ್ದರೆ ಮೂರನೇ ದಾರಿಯೊಂದಿದೆ. ಹೊಸ ಕ್ಲಿನಿಕ್‌ಗೆ ರಾಜ್ಯದ ಒಪ್ಪಿಗೆ, ಡಿಇಎ (ಮಾದಕವಸ್ತು ನಿಯಂತ್ರಣದ ಫೆಡರಲ್ ಸಂಸ್ಥೆ) ನೋಂದಣಿ, ಸಾಮ್ಸಾ (ವ್ಯಸನ ಮತ್ತು ಮಾನಸಿಕ ಆರೋಗ್ಯದ ಫೆಡರಲ್ ಸಂಸ್ಥೆ) ಪ್ರಮಾಣಪತ್ರ, ಮಾನ್ಯತೆ ಎಲ್ಲ ಬೇಕು, ಮೇಲೆ ನೆರೆಹೊರೆಯವರ ತಕರಾರು. 2021ರ ಡಿಇಎ ನಿಯಮದ ಪ್ರಕಾರ ಈಗಾಗಲೇ ನೋಂದಣಿಯಾದ ಕ್ಲಿನಿಕ್, ಅದೇ ರಾಜ್ಯದೊಳಗೆ, ಬೇರೆ ನೋಂದಣಿಯಿಲ್ಲದೆ ಡೋಸ್ ಕೊಡುವ ವ್ಯಾನ್ ಓಡಿಸಬಹುದು. ಸಾಮಾನ್ಯವಾಗಿ ವ್ಯಾನ್ ಸಂಜೆಗೆ ಮೂಲ ಕ್ಲಿನಿಕ್‌ಗೆ ಮರಳಬೇಕು, ಹಾಗಾಗಿ ದೂರ ಲೆಕ್ಕ ಹಾಕಿ. ಪಕ್ಕದ ಕೌಂಟಿಯಲ್ಲಿ ಒಳ್ಳೆಯ ಸಂಸ್ಥೆ ಇದ್ದರೆ ಕಟ್ಟಡದ ಬದಲು ವ್ಯಾನ್‌ಗೆ ಹಣ ಕೊಡಿ. ಊರಿನ ಸಂಸ್ಥೆ ಸಿದ್ಧವಾಗುವ ತನಕ ಸರತಿ ತಗ್ಗುತ್ತದೆ.

ತುಂಗೆದಡ:
ಇಲ್ಲಿಂದ ಓದುತ್ತಿರುವವರಿಗೆ ಒಂದು ಮಾತು. ಭಾರತದಲ್ಲಿ ಸಾಮಾಜಿಕ ನ್ಯಾಯ ಸಚಿವಾಲಯದ ಅನುದಾನದ ವ್ಯಸನಮುಕ್ತಿ ಕೇಂದ್ರಗಳನ್ನು ಸ್ವಯಂಸೇವಾ ಸಂಸ್ಥೆಗಳೇ ನಡೆಸುತ್ತವೆ. ಮಾದಕವಸ್ತು ಚುಚ್ಚಿಕೊಳ್ಳುವವರಿಗೆ ನಾಕೋ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ಕೇಂದ್ರಗಳಲ್ಲಿ ನಾಲಿಗೆಯಡಿ ಇಡುವ ಬುಪ್ರೆನಾರ್ಫಿನ್ (ಮೆಥಡೋನ್‌ನಂತೆಯೇ ಓಪಿಯಾಯ್ಡ್ ಚಟಕ್ಕೆ ಕೊಡುವ ಔಷಧ) ಉಚಿತ. ಇವೆರಡೂ ಒಂದೇ ಅಲ್ಲ. ಮನೆಯವರನ್ನು ಎಲ್ಲಿಗೆ ಸೇರಿಸುವುದಾದರೂ ಕೇಳಬೇಕಾದ ಮೊದಲ ಪ್ರಶ್ನೆ: "ಬುಪ್ರೆನಾರ್ಫಿನ್ ಕೊಡುತ್ತೀರಾ, ಬಿಡುಗಡೆಯಾದ ಮೇಲೂ ಮುಂದುವರಿಸುತ್ತೀರಾ?" ರಾಷ್ಟ್ರೀಯ ಸಹಾಯವಾಣಿ 14446.