ಸಹಾಯ ಬೇಕು: ವೇಳಾಪಟ್ಟಿ ಹಾಳೆಯ ಮೇಲಷ್ಟೇ ಉಳಿಯುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಪದವಿಯ ಎರಡನೆಯ ವರ್ಷದ ವಿದ್ಯಾರ್ಥಿ. ಸಮಯ ಹೊಂದಿಸಿಕೊಳ್ಳುವ ಬಗ್ಗೆ ಅನುಭವಸ್ಥರ ಸಲಹೆ ಬೇಕಾಗಿದೆ.

ಪ್ರತಿ ಭಾನುವಾರ ರಾತ್ರಿ ಮೂರು ಬಣ್ಣದ ಪೆನ್ನುಗಳಲ್ಲಿ ವಾರದ ವೇಳಾಪಟ್ಟಿ ಬರೆಯುತ್ತೇನೆ. ಅದನ್ನು ಬರೆಯುವುದರಲ್ಲಿಯೇ ಒಂದು ಗಂಟೆ ಕಳೆಯುತ್ತದೆ ಎಂಬುದು ಬೇರೆ ಮಾತು. ಆದರೆ ಮಂಗಳವಾರದ ಹೊತ್ತಿಗೆ ಪ್ರಯೋಗಾಲಯದ ತರಗತಿ ತಡವಾಗಿಯೋ, ಅಸೈನ್‌ಮೆಂಟ್ ಅಂದುಕೊಂಡದ್ದರ ಎರಡು ಪಟ್ಟು ಸಮಯ ತಿಂದೋ ಒಂದು ಸಾಲು ತಪ್ಪಿತೆಂದರೆ, ಅದರ ಕೆಳಗಿನದೆಲ್ಲವೂ ಏರುಪೇರಾಗುತ್ತದೆ.

ಫ್ರಾನ್ಸೆಸ್ಕೊ ಸಿರಿಲ್ಲೊ 1980ರ ದಶಕದ ಕೊನೆಯಲ್ಲಿ ರೂಪಿಸಿದ ಪೊಮೊಡೊರೊ ಪದ್ಧತಿಯನ್ನೂ, ಅಂದರೆ 25 ನಿಮಿಷ ಓದಿ 5 ನಿಮಿಷ ವಿರಾಮ ಪಡೆಯುವ ಕ್ರಮವನ್ನೂ, ಅನುಸರಿಸಿ ನೋಡಿದೆ. ಓದಿದ್ದನ್ನು ಮತ್ತೊಮ್ಮೆ ಓದುವುದಕ್ಕೆ ಅದು ಚೆನ್ನಾಗಿ ಒಗ್ಗಿತು. ಆದರೆ ಗಣಿತದ ದೀರ್ಘ ಸಮಸ್ಯೆಯೊಂದರ ಎಳೆ ಆಗಷ್ಟೇ ಕೈಗೆ ಸಿಗುತ್ತಿರುವಾಗ ಟೈಮರ್ ಕೂಗುತ್ತದೆ. ಅದನ್ನು ನಿಲ್ಲಿಸಲೆಂದು ಮೊಬೈಲ್ ಕೈಗೆತ್ತಿಕೊಂಡರೆ ಆ 5 ನಿಮಿಷ 40 ಆಗುತ್ತದೆ. ತಪ್ಪು ನನ್ನದೇ ಎಂದು ಬಲ್ಲೆ.

ಇಂತಹ ವಿಷಯಗಳಿಗೆ ನೀವು ಒಂದೇ ಬಾರಿಗೆ ಎಷ್ಟು ಹೊತ್ತು ಮೀಸಲಿಡುತ್ತೀರಿ? ತಪ್ಪಿಹೋದ ಕೆಲಸಕ್ಕೆಂದು ವಾರದಲ್ಲಿ ಖಾಲಿ ಅವಧಿ ಬಿಟ್ಟುಕೊಳ್ಳುವವರು, ಅದನ್ನು ಪ್ರತಿದಿನ ಸ್ವಲ್ಪಸ್ವಲ್ಪವಾಗಿ ಇಡುತ್ತೀರೋ ಅಥವಾ ವಾರದ ಕೊನೆಗೆ ಒಟ್ಟಾಗಿ ಇಡುತ್ತೀರೋ ಎಂಬುದನ್ನು ದಯವಿಟ್ಟು ತಿಳಿಸಿ. ಹೊಸ ಆ್ಯಪ್‌ಗಳ ಹೆಸರು ಬೇಡ. ಈಗಾಗಲೇ ನಾಲ್ಕು ಇವೆ.